ಜರ್ಮನಿಯಲ್ಲಿ ಸ್ವಯಂಸೇವೆಯ ಮೊದಲ ವರ್ಷ: ವಿಮಾನ ಇಳಿದ ಮೇಲಿನ ಹನ್ನೆರಡು ತಿಂಗಳು

ನೆಕ್ಕರ್ ದಂಡೆ

ಎಫ್‌ಎಸ್‌ಜೆ (ಯುವಜನರ ಸ್ವಯಂಸೇವೆಯ ಸಾಮಾಜಿಕ ವರ್ಷ), ಬಿಎಫ್‌ಡಿ (ಕೇಂದ್ರ ಸರಕಾರದ ಸ್ವಯಂಸೇವೆ) ಅಂತ ಜರ್ಮನಿಗೆ ಹೊರಡುವ ನಮ್ಮ ಕಡೆಯ ಹುಡುಗ ಹುಡುಗಿಯರು ಈಗ ಬಹಳ. ವೀಸಾ ಕೈಗೆ ಬರುವವರೆಗಿನ ಮಾಹಿತಿ ಎಲ್ಲ ಕಡೆ ಸಿಗುತ್ತದೆ. ಇಳಿದ ಮೇಲಿನ ಹನ್ನೆರಡು ತಿಂಗಳ ಬಗ್ಗೆ ಕನ್ನಡದಲ್ಲಿ ಹುಡುಕಿದರೆ ಸಿಗುವುದು ಕಡಿಮೆ. ವರ್ಷ ಮುಗಿದ ಮೇಲೆ ಹಿಂತಿರುಗಿ ನೋಡಿ "ಇದು ಮೊದಲೇ ಗೊತ್ತಿದ್ದರೆ" ಅನ್ನಿಸುವಂಥ ಸಂಗತಿಗಳನ್ನು ಮಾತ್ರ ಈ ಚರ್ಚೆಯಲ್ಲಿ ಎಲ್ಲರೂ ಸೇರಿ ಹಾಕೋಣ. ಸ್ವಂತ ಕಥೆ ಬೇಡ, ಕೆಲಸಕ್ಕೆ ಬರುವ ಮಾತು ಸಾಕು.

ಮೊದಲು ಈ ವರ್ಷ ಅಂದರೆ ಏನು ಅನ್ನುವುದು ತಿಳಿದಿರಲಿ. ಎಫ್‌ಎಸ್‌ಜೆ ಕಾನೂನು 1964ರದ್ದು. 27 ತುಂಬದವರಿಗೆ. ಬಿಎಫ್‌ಡಿ ಶುರುವಾದದ್ದು 2011ರ ಜುಲೈ 1ರಂದು. ಕಡ್ಡಾಯ ಸೈನಿಕ ಸೇವೆಯನ್ನು ಅಮಾನತಿನಲ್ಲಿಟ್ಟಾಗ ಅದರ ಬದಲಿಗೆ ಆಸ್ಪತ್ರೆ, ವೃದ್ಧಾಶ್ರಮಗಳಲ್ಲಿ ದುಡಿಯುತ್ತಿದ್ದ ಯುವಕರೂ ಇಲ್ಲವಾದರು. ಆ ಖಾಲಿಯನ್ನು ತುಂಬಲು ಬಂದ ವ್ಯವಸ್ಥೆ ಇದು, ವಯಸ್ಸಿನ ಮೇಲ್ಮಿತಿ ಇಲ್ಲ. ಎರಡಕ್ಕೂ ಸಾಮಾನ್ಯ ಅವಧಿ 12 ತಿಂಗಳು, ಕನಿಷ್ಠ 6, ವಿಸ್ತರಿಸಿದರೆ 18.

ಎರಡರಲ್ಲೂ ನೀವು ನೌಕರರಲ್ಲ. ಕೈಗೆ ಬರುವುದು ಸಂಬಳವಲ್ಲ, ತಾಶನ್‌ಗೆಲ್ಡ್, ಅಂದರೆ ಕೈಖರ್ಚಿನ ಹಣ. ನಿಮ್ಮ ಕೆಲಸ ನೌಕರರ ಕೆಲಸಕ್ಕೆ ಪೂರಕವಾಗಿರಬೇಕು, ಒಬ್ಬ ನೌಕರನ ಜಾಗವನ್ನು ನೀವು ತುಂಬುವಂತಿಲ್ಲ. ಇದು ಕಾನೂನಿನಲ್ಲೇ ಇರುವ ಮಾತು. ವರ್ಷ ಹದಗೆಡುವುದು ಹೆಚ್ಚಾಗಿ ಈ ಒಂದು ಮಾತನ್ನು ಎರಡೂ ಕಡೆಯವರು ಮರೆತಾಗ. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದು ಓದಿ.

ಇನ್ನೊಂದು ಮಾತು. ಈ ಸ್ಥಾನ "ಕೊಡಿಸುತ್ತೇವೆ" ಎಂದು ಲಕ್ಷಗಟ್ಟಲೆ ಕೇಳುವವರು ನಮ್ಮೂರುಗಳಲ್ಲೂ ಇದ್ದಾರೆ. ಸಂಸ್ಥೆಗಳಿಗೆ ನೇರವಾಗಿ ಇಮೇಲಿನಲ್ಲಿ ಅರ್ಜಿ ಹಾಕಬಹುದು, ಎಷ್ಟೋ ಜನ ಹಾಗೇ ಹೋಗಿದ್ದಾರೆ. ಮನೆಯವರು ಸಾಲ ಮಾಡಿ ಏಜೆಂಟಿಗೆ ಕಟ್ಟಿದ ಹಣವನ್ನು ತಿಂಗಳ ಕೈಖರ್ಚಿನಲ್ಲಿ ತೀರಿಸಲು ಆಗುವುದೇ ಇಲ್ಲ. ಆ ಸಾಲ ವರ್ಷಪೂರ್ತಿ ಎದೆಯ ಮೇಲೆ ಕೂತಿರುತ್ತದೆ.

ತುಂಗಾತೀರ

ಮೊದಲ ನಾಲ್ಕು ವಾರದ ಕಾಗದಪತ್ರ ನಾನು ಹೇಳುತ್ತೇನೆ. ಇದರಲ್ಲಿ ಕ್ರಮ ಮುಖ್ಯ, ಒಂದು ಆಗದೆ ಇನ್ನೊಂದು ಆಗುವುದಿಲ್ಲ.

ಮನೆಗೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಣಿ, ಅಂದರೆ ಆನ್‌ಮೆಲ್ಡುಂಗ್. ಇದಕ್ಕೆ ಪಾಸ್‌ಪೋರ್ಟ್, ವೀಸಾ, ಜೊತೆಗೆ ಕೋಣೆ ಕೊಟ್ಟವರು ಸಹಿ ಮಾಡಿದ ವೋನುಂಗ್ಸ್‌ಗೇಬರ್‌ಬೆಶ್ಟೇಟಿಗುಂಗ್ ಬೇಕು. ಬಾಡಿಗೆ ಕರಾರು ತೋರಿಸಿದರೆ ನಡೆಯುವುದಿಲ್ಲ, ಆ ಪ್ರತ್ಯೇಕ ಹಾಳೆಯೇ ಬೇಕು. ಸಂಸ್ಥೆಯ ಕಚೇರಿಯಲ್ಲಿ ಮೊದಲ ದಿನವೇ ಕೇಳಿ. ದೊಡ್ಡ ಊರುಗಳಲ್ಲಿ ಎರಡು ವಾರದೊಳಗೆ ಅಪಾಯಿಂಟ್‌ಮೆಂಟ್ ಸಿಗದೆ ಹೋಗಬಹುದು. ಆಗ ಬುಕ್ ಮಾಡಿದ ದಿನಾಂಕದ ಇಮೇಲನ್ನು ಪ್ರಿಂಟ್ ತೆಗೆದು ಇಟ್ಟುಕೊಳ್ಳಿ.

ನೋಂದಣಿ ಆದ ಎರಡು ಮೂರು ವಾರಕ್ಕೆ ತೆರಿಗೆ ಗುರುತಿನ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಬರುವುದು ಟಪಾಲು ಪೆಟ್ಟಿಗೆಗೆ. ಪೆಟ್ಟಿಗೆಯ ಮೇಲೆ ನಿಮ್ಮ ಹೆಸರು ಅಂಟಿಸಿಲ್ಲದಿದ್ದರೆ ಅಂಚೆಯವನು ಹಿಂದಕ್ಕೆ ಒಯ್ಯುತ್ತಾನೆ. ಇಲ್ಲಿ ಟಪಾಲು ಹುಡುಕುವುದು ಹೆಸರನ್ನೇ. ಕೋಣೆ ನಂಬರ್ ಬರೆದರೂ ಸಾಲದು. ಆರೋಗ್ಯ ವಿಮೆಯ ಕಾರ್ಡು, ಬ್ಯಾಂಕಿನ ಪಿನ್, ವಿದೇಶಿಯರ ಕಚೇರಿಯ ಪತ್ರ, ಎಲ್ಲವೂ ಬರುವುದು ಅದೇ ಪೆಟ್ಟಿಗೆಗೆ.

ಹೆಸರಿನ ಬಗ್ಗೆ ನಮ್ಮವರಿಗೆ ವಿಶೇಷ ಎಚ್ಚರಿಕೆ ಬೇಕು. ಕರ್ನಾಟಕದಲ್ಲಿ ಎಷ್ಟೋ ಜನರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಅಪ್ಪನ ಹೆಸರಿನ ಮೊದಲಕ್ಷರ ಒಂದು ದಾಖಲೆಯಲ್ಲಿ ಹಿಂದೆ, ಇನ್ನೊಂದರಲ್ಲಿ ಮುಂದೆ. ಜರ್ಮನ್ ಕಚೇರಿಗಳಿಗೆ ಸರ್‌ನೇಮ್ ಇಲ್ಲದೆ ಫಾರಂ ಮುಂದೆ ಹೋಗುವುದಿಲ್ಲ, ಹಾಗಾಗಿ ಒಬ್ಬೊಬ್ಬರು ಒಂದೊಂದು ರೀತಿ ತುಂಬಿಕೊಳ್ಳುತ್ತಾರೆ. ವಿಮೆಯಲ್ಲಿ ಒಂದು ಹೆಸರು, ಬ್ಯಾಂಕಿನಲ್ಲಿ ಇನ್ನೊಂದು ಆದಮೇಲೆ ಅದನ್ನು ಸರಿಪಡಿಸಲು ತಿಂಗಳುಗಳೇ ಬೇಕು. ಕರಾರಿಗೆ ಸಹಿ ಹಾಕುವ ಮೊದಲೇ, ಊರಿನಲ್ಲಿರುವಾಗಲೇ, ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಹಾಕಿಸಿಕೊಳ್ಳಿ. ಆಮೇಲೆ ಎಲ್ಲ ಕಡೆಯೂ ಅದೇ ಕಾಗುಣಿತ, ಅದೇ ಕ್ರಮ.

ಆರೋಗ್ಯ ವಿಮೆ: ಸರಕಾರಿ ವಿಮಾ ವ್ಯವಸ್ಥೆಯ ಯಾವುದಾದರೂ ಕ್ರಾಂಕನ್‌ಕಾಸೆ ಆರಿಸಿಕೊಂಡು ಅರ್ಜಿ ಕೊಟ್ಟರೆ ಸಾಕು. ಆರೋಗ್ಯ, ಪಿಂಚಣಿ, ನಿರುದ್ಯೋಗ, ಆರೈಕೆ, ಈ ಎಲ್ಲ ವಿಮೆಗಳ ಕಂತನ್ನು ಸಂಸ್ಥೆಯೇ ಪೂರ್ತಿ ಕಟ್ಟುತ್ತದೆ. ನಿಮ್ಮ ಕೈಖರ್ಚಿನಿಂದ ಒಂದು ಸೆಂಟೂ ಮುರಿಯುವಂತಿಲ್ಲ. ಆದರೆ ಈ ವಿಮೆ ಶುರುವಾಗುವುದು ಸೇವೆ ಶುರುವಾಗುವ ದಿನಾಂಕದಿಂದ. ಹತ್ತು ದಿನ ಮೊದಲೇ ಇಳಿದರೆ ಆ ಹತ್ತು ದಿನಕ್ಕೆ ಪ್ರಯಾಣ ವಿಮೆ ಬೇಕೇ ಬೇಕು.

ಹೊಸಬ_2026

ಸರ್, ವೀಸಾ ಆರು ತಿಂಗಳಿಗೆ ಮಾತ್ರ ಕೊಟ್ಟಿದ್ದಾರೆ. ಕರಾರು ಹನ್ನೆರಡು ತಿಂಗಳದ್ದು. ಉಳಿದ ಆರು ತಿಂಗಳಿಗೆ ಏನು ಮಾಡಬೇಕು? ನಡುವೆ ಅಕ್ಕನ ಮದುವೆಗೆ ಊರಿಗೆ ಬರಬೇಕಿದೆ.

ನೆಕ್ಕರ್ ದಂಡೆ

ವೀಸಾ ಮುಗಿಯುವ ಮೊದಲೇ ಅಲ್ಲಿನ ಔಸ್‌ಲೆಂಡರ್‌ಬೆಹೋರ್ಡೆಗೆ, ಅಂದರೆ ವಿದೇಶಿಯರ ಕಚೇರಿಗೆ, ನಿವಾಸ ಪರವಾನಗಿಯ ಅರ್ಜಿ ಹಾಕಬೇಕು. ಎಂಟರಿಂದ ಹನ್ನೆರಡು ವಾರ ಮೊದಲು ಹಾಕಿದರೆ ನೆಮ್ಮದಿ. ಬಹಳಷ್ಟು ಊರುಗಳಲ್ಲಿ ಆನ್‌ಲೈನ್ ಫಾರಂ ಇದೆ. ಇಲ್ಲದ ಕಡೆ ಇಮೇಲ್ ಮಾಡಿ, ಅದೇ ಅರ್ಜಿಯನ್ನು ರಿಜಿಸ್ಟರ್ಡ್ ಅಂಚೆಯಲ್ಲೂ ಕಳಿಸಿ. ದಿನಾಂಕ ಸಹಿತ ರುಜುವಾತು ನಿಮ್ಮ ಕೈಯಲ್ಲಿರಬೇಕು, ಅದು ಮುಖ್ಯ. ವೀಸಾ ಮುಗಿದ ಮರುದಿನ ಹಾಕಿದ ಅರ್ಜಿಗೆ ಮೊದಲೇ ಹಾಕಿದ ಅರ್ಜಿಗಿರುವ ರಕ್ಷಣೆ ಸಿಗುವುದಿಲ್ಲ.

ಕಾರ್ಡ್ ಬರುವುದು ತಡವಾದರೆ ನಡುವಿನ ಅವಧಿಗೆ ಫಿಕ್ಟ್ಸಿಯೋನ್ಸ್‌ಬೆಶೈನಿಗುಂಗ್ ಎಂಬ ಕಾಗದ ಕೊಡುತ್ತಾರೆ. ಅದು ಇದ್ದರೆ ಊರಿಗೆ ಹೋಗಿ ಬರಬಹುದು.

ತುಂಗಾತೀರ

ಇಲ್ಲಿ ಒಂದು ತಿದ್ದುಪಡಿ. ಆ ಕಾಗದ ಇದ್ದ ಮಾತ್ರಕ್ಕೆ ಹೋಗಿ ಬರಲು ಆಗುವುದಿಲ್ಲ. ಅದರೊಳಗೆ ಚೌಕಗಳಿವೆ, ಯಾವ ಚೌಕಕ್ಕೆ ಗುರುತು ಹಾಕಿದ್ದಾರೆ ನೋಡಬೇಕು. ನಿವಾಸ ಕಾನೂನಿನ ಕಲಂ 81, ಉಪಕಲಂ 4 ಎಂದಿದ್ದರೆ ಹಳೆಯ ವೀಸಾ ಜೀವಂತವಾಗಿದೆ ಎಂದೇ ಲೆಕ್ಕ, ಪಾಸ್‌ಪೋರ್ಟ್ ಜೊತೆ ಇಟ್ಟುಕೊಂಡು ಜರ್ಮನಿಗೆ ವಾಪಸ್ ಬರಬಹುದು. ಉಪಕಲಂ 3 ಎಂದಿದ್ದರೆ ಗಡಿ ದಾಟಿದ ಮೇಲೆ ವಾಪಸ್ ಒಳಗೆ ಬಿಡುವುದಿಲ್ಲ. ಡಿ ವೀಸಾ, ಅಂದರೆ ದೀರ್ಘಾವಧಿಯ ವೀಸಾ, ಮುಗಿಯುವ ಮೊದಲೇ ಅರ್ಜಿ ಹಾಕಿದವರಿಗೆ ಸಾಮಾನ್ಯವಾಗಿ 4 ಸಿಗುತ್ತದೆ, ಆದರೂ ಕೌಂಟರಿನಿಂದ ಎದ್ದೇಳುವ ಮೊದಲು ಓದಿ ನೋಡಿ. ಟಿಕೆಟ್ ಬುಕ್ ಮಾಡುವಾಗ ಬೇರೆ ಷೆಂಗೆನ್ ದೇಶದಲ್ಲಿ ಇಳಿದು ಬದಲಾಯಿಸುವ ವಿಮಾನ ಬೇಡ. ಬೆಂಗಳೂರಿನಿಂದ ಫ್ರಾಂಕ್‌ಫರ್ಟಿಗೆ ನೇರ ವಿಮಾನ ಇದೆ, ಅದನ್ನೇ ಹಿಡಿಯಿರಿ. ನಾಲ್ಕು ಸಾವಿರ ರೂಪಾಯಿ ಉಳಿಸಲು ಹೋಗಿ ನಡುದಾರಿಯಲ್ಲಿ ಸಿಕ್ಕಿಬೀಳಬೇಡಿ.

ಪಾಸ್‌ಪೋರ್ಟಿನ ಅವಧಿಯನ್ನೂ ನೋಡಿಕೊಳ್ಳಿ. ವರ್ಷದ ನಡುವೆ ಮುಗಿಯುವಂತಿದ್ದರೆ ಊರಿನಲ್ಲೇ ಹೊಸದು ಮಾಡಿಸಿಕೊಂಡು ಹೊರಡಿ.

ಊರುಗೋಲು

ಇಲ್ಲಿ ಹೆಚ್ಚಿನವರು ಸೇರುವುದು ವೃದ್ಧರ ಆರೈಕೆ ಮನೆಗೆ. ಆ ಕೆಲಸದ ಬಗ್ಗೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಯಾಕಂದರೆ ಒಳ್ಳೆಯ ಮನಸ್ಸಿನಿಂದಲೇ ಅಪಾಯವಾಗುವ ಜಾಗ ಇದು.

ಗಾಲಿಕುರ್ಚಿ. ಕೂರಿಸುವ ಮೊದಲು, ಎಬ್ಬಿಸುವ ಮೊದಲು ಎರಡೂ ಬ್ರೇಕು ಹಾಕಿ. ಒಂದು ಹಾಕಿ ಇನ್ನೊಂದು ಬಿಟ್ಟರೆ ಕುರ್ಚಿ ತಿರುಗುತ್ತದೆ. ಕಾಲಿಡುವ ಹಲಗೆಗಳನ್ನು ಮೇಲಕ್ಕೆ ಮಡಚಿ. ಅದರ ಮೇಲೆ ಕಾಲಿಟ್ಟು ಎದ್ದರೆ ಕುರ್ಚಿಯೇ ಮುಂದಕ್ಕೆ ಮಗುಚುತ್ತದೆ. ಫುಟ್‌ಪಾತಿನ ಅಂಚು ಇಳಿಯುವಾಗ ನೀವು ಹಿಮ್ಮುಖವಾಗಿ ಇಳಿಯಿರಿ, ದೊಡ್ಡ ಗಾಲಿ ಮೊದಲು ಇಳಿಯಲಿ. ಮುಂದಕ್ಕೆ ಇಳಿಸಿದರೆ ಕೂತವರು ಜಾರಿ ಬೀಳುತ್ತಾರೆ. ಲಿಫ್ಟಿಗೂ ಹಿಂದಿನಿಂದಲೇ ಎಳೆದುಕೊಂಡು ಹೋಗಿ, ಆಗ ಅವರ ಮುಖ ಗೋಡೆಗಲ್ಲ, ಬಾಗಿಲ ಕಡೆಗಿರುತ್ತದೆ.

ಎಬ್ಬಿಸುವಾಗ ಕಂಕುಳಿಗೆ ಕೈ ಹಾಕಿ ಎತ್ತುವುದು ನಮ್ಮ ಮನೆಗಳಲ್ಲಿ ರೂಢಿ. ಇಲ್ಲಿ ಅದನ್ನು ಪೂರ್ತಿ ಬಿಡಬೇಕು. ಪಾರ್ಶ್ವವಾಯು ಆದವರ ಭುಜದ ಕೀಲು ಅಷ್ಟಕ್ಕೇ ಜಾರಬಹುದು. ಹೇಗೆ ಎಬ್ಬಿಸಬೇಕೆಂದು ತರಬೇತಿ ಪಡೆದವರು ತೋರಿಸುವವರೆಗೆ ಒಬ್ಬರೇ ಯಾರನ್ನೂ ಎತ್ತಬೇಡಿ. ನಿಮ್ಮ ಸೊಂಟಕ್ಕೂ ಅದೇ ಒಳ್ಳೆಯದು.

ನುಂಗಲು ಕಷ್ಟ ಇರುವವರಿಗೆ ನೀರು, ಕಾಫಿ, ಜ್ಯೂಸ್ ಎಲ್ಲವನ್ನೂ ಒಂದು ಪುಡಿ ಹಾಕಿ ಮಂದ ಮಾಡಿ ಕೊಡುತ್ತಾರೆ. ಎಷ್ಟು ಮಂದ ಅನ್ನುವುದಕ್ಕೆ ಅಂತರರಾಷ್ಟ್ರೀಯ ಮಟ್ಟಗಳಿವೆ, ಪಾನೀಯಕ್ಕೆ 0ಯಿಂದ 4ರವರೆಗೆ. ಅವರ ಮಟ್ಟ ಎಷ್ಟು ಅನ್ನುವುದು ಕಡತದಲ್ಲಿರುತ್ತದೆ, ಪುಡಿಯ ಅಳತೆ ಡಬ್ಬಿಯ ಮೇಲಿರುತ್ತದೆ. ಒಂದೊಂದು ಕಂಪನಿಯ ಪುಡಿಗೆ ಒಂದೊಂದು ಅಳತೆ, ಹಾಗಾಗಿ ಕಣ್ಣಂದಾಜು ಬೇಡ. ರಾಗಿ ಅಂಬಲಿ ಮಾಡುವಾಗ ಹಿಟ್ಟು ಗಂಟಾಗುವ ಹಾಗೆ ಇದೂ ಗಂಟಾಗುತ್ತದೆ. ಕೈ ಬಿಡದೆ ಜೋರಾಗಿ ಕಲಸಿ, ಡಬ್ಬಿಯಲ್ಲಿ ಹೇಳಿದಷ್ಟು ನಿಮಿಷ ಬಿಡಿ. ಕಲಸಿದ ತಕ್ಷಣ ತೆಳ್ಳಗೆ ಕಂಡಿತೆಂದು ಇನ್ನೊಂದು ಚಮಚ ಹಾಕಿದರೆ ಸ್ವಲ್ಪ ಹೊತ್ತಿಗೆ ಅದು ಮುದ್ದೆಯಾಗುತ್ತದೆ.

ಕುಡಿಸುವಾಗ ಅವರು ನೆಟ್ಟಗೆ ಕೂತಿರಬೇಕು, ಗದ್ದ ಸ್ವಲ್ಪ ಕೆಳಗಿರಬೇಕು, ನೀವೂ ಕುರ್ಚಿ ಎಳೆದುಕೊಂಡು ಅವರ ಕಣ್ಣಿನ ಮಟ್ಟಕ್ಕೆ ಕೂರಬೇಕು. ನಿಂತು ತಿನ್ನಿಸಿದರೆ ಅವರು ತಲೆ ಮೇಲೆತ್ತುತ್ತಾರೆ, ಆಗ ಗಂಟಲ ದಾರಿ ತಪ್ಪುತ್ತದೆ. ಊಟವಾದ ಮೇಲೆ 20-30 ನಿಮಿಷ ಮಲಗಿಸಬಾರದು. "ಪಾಪ, ಬರೀ ನೀರು ಕೇಳ್ತಿದ್ದಾರೆ" ಅಂತ ಒಂದು ಲೋಟ ನೀರು ಕೊಟ್ಟುಬಿಡುವುದು ಹೊಸಬರ ಕೈಯಲ್ಲಿ ಆಗುವ ಅತಿ ದೊಡ್ಡ ತಪ್ಪು. ಆ ನೀರು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ, ಆ ವಯಸ್ಸಿನಲ್ಲಿ ಅದು ಜೀವಕ್ಕೇ ಬರುತ್ತದೆ.

ಮಂಚದ ಪಕ್ಕದ ಕಂಬಿ. ಅಜ್ಜ ಬೀಳಬಾರದೆಂದು ಕಂಬಿ ಏರಿಸುವುದು ನಮಗೆ ಕಾಳಜಿಯಾಗಿ ಕಾಣುತ್ತದೆ. ಜರ್ಮನ್ ಕಾನೂನಿನಲ್ಲಿ ಅದು ಒಬ್ಬರ ಸ್ವಾತಂತ್ರ್ಯ ಕಸಿಯುವ ಕ್ರಮ. ಆ ವ್ಯಕ್ತಿಯ ಒಪ್ಪಿಗೆ ಬೇಕು, ಒಪ್ಪಿಗೆ ಕೊಡುವ ಸ್ಥಿತಿಯಲ್ಲಿ ಅವರಿಲ್ಲದಿದ್ದರೆ ನ್ಯಾಯಾಲಯದ ಅನುಮತಿ ಬೇಕು. ಗಾಲಿಕುರ್ಚಿಯ ಬೆಲ್ಟಿಗೂ ಇದೇ ನಿಯಮ. ನೀವಾಗಿ ಏರಿಸಬೇಡಿ, ಏರಿಸಿದ್ದನ್ನು ನೀವಾಗಿ ಇಳಿಸಲೂ ಬೇಡಿ.

ಕೈಯಲ್ಲಿ ಉಂಗುರ, ಬಳೆ, ವಾಚು, ಮಣಿಕಟ್ಟಿಗೆ ಕಟ್ಟಿದ ದೇವರ ದಾರ, ಯಾವುದೂ ಇರುವಂತಿಲ್ಲ. ಕೈಗೆ ಹಾಕುವ ಸೋಂಕುನಾಶಕ ಅವುಗಳ ಅಡಿಗೆ ತಲುಪುವುದಿಲ್ಲ. ಸುಮಾರು 3 ಮಿಲೀ ತೆಗೆದುಕೊಂಡು 30 ಸೆಕೆಂಡು ಉಜ್ಜಬೇಕು, ಹೆಬ್ಬೆರಳನ್ನೂ ಬೆರಳ ತುದಿಗಳನ್ನೂ ಮರೆಯಬಾರದು. ದಾರ ಬಿಚ್ಚಲು ಮನಸ್ಸು ಬಾರದವರು ಹೊರಡುವ ಮೊದಲೇ ಮನೆಯಲ್ಲಿ ಮಾತಾಡಿಕೊಂಡು ಬರಲಿ. ಮೊದಲ ದಿನ ಕೆಲಸದ ಜಾಗದಲ್ಲಿ ಕತ್ತರಿಸುವುದಕ್ಕಿಂತ ಅದು ಎಷ್ಟೋ ಮೇಲು.

ಕೊನೆಯದಾಗಿ, ಅಜ್ಜಿ ಅಂತ ಕರೆಯುವ ಪ್ರಶ್ನೆ. ನಮ್ಮಲ್ಲಿ ಪರಿಚಯವಿಲ್ಲದ ಹಿರಿಯರನ್ನೂ ಅಜ್ಜಿ, ಅಜ್ಜ ಅನ್ನುತ್ತೇವೆ, ಅದು ಮರ್ಯಾದೆ. ಇಲ್ಲಿ ನಿವಾಸಿಯನ್ನು "ಓಮಾ" ಎಂದರೆ ಅವಮಾನ. ಫ್ರೌ ಅಥವಾ ಹೆರ್ ಸೇರಿಸಿ ಮನೆತನದ ಹೆಸರು, ಜೊತೆಗೆ ಬಹುವಚನದ "ಜೀ". ಅವರಾಗಿ ಹೇಳುವವರೆಗೆ "ದು" ಎಂದು ಏಕವಚನಕ್ಕೆ ಇಳಿಯುವಂತಿಲ್ಲ. ಮರೆವಿನ ಕಾಯಿಲೆಯವರ ಹತ್ತಿರವೂ ಹಾಗೇ.

ಕರಾವಳಿ ಗಾಳಿ

ಊರುಗೋಲು ಅವರ ಮಾತಿಗೆ ಸೇರಿಸುತ್ತೇನೆ. ಇಂಜೆಕ್ಷನ್, ಔಷಧಿ ಜೋಡಿಸಿಡುವುದು, ಗಾಯದ ಡ್ರೆಸ್ಸಿಂಗ್, ಇಡೀ ವಿಭಾಗದ ಹೊಣೆ ಹೊತ್ತು ಒಬ್ಬರೇ ಪಾಳಿ ಮಾಡುವುದು, ಇವು ಯಾವುವೂ ಸ್ವಯಂಸೇವಕರ ಕೆಲಸವಲ್ಲ. ಊರಿನಲ್ಲಿ ಬಿಎಸ್ಸಿ ನರ್ಸಿಂಗ್ ಮಾಡಿ ಬಂದವರಿಗೂ ಅಲ್ಲ. ಅಲ್ಲಿ ಮಾನ್ಯತೆ ಸಿಗುವವರೆಗೆ ಅವರೂ ಸಹಾಯಕರೇ. "ನಿನಗೆ ಗೊತ್ತಲ್ಲ, ಕೊಟ್ಟುಬಿಡು" ಎಂದು ಯಾರೋ ಹೇಳಿ ನೀವು ಕೊಟ್ಟು, ಏನಾದರೂ ಹೆಚ್ಚುಕಮ್ಮಿಯಾದರೆ ಉತ್ತರ ಹೇಳಬೇಕಾದವರು ನೀವು.

ಜನ ಕಡಿಮೆ ಇರುವ ದಿನ ಇಂಥ ಒತ್ತಡ ಬರುತ್ತದೆ. ಆಗ "ದಾಸ್ ದಾರ್ಫ್ ಇಷ್ ನಿಷ್ಟ್", ಅಂದರೆ "ಅದನ್ನು ಮಾಡಲು ನನಗೆ ಅನುಮತಿ ಇಲ್ಲ" ಎನ್ನಿ. ಇದು ಅಲ್ಲಿ ಒರಟು ಮಾತಲ್ಲ. ನಮ್ಮವರು ಹಿರಿಯರಿಗೆ ಇಲ್ಲ ಅನ್ನಲಾರದೆ ಹೂಂ ಅಂದುಬಿಡುತ್ತಾರೆ. ಅವರು ಆ ಹೂಂ ಅನ್ನು ನಂಬಿ ಮುಂದಿನ ವಾರದ ಪಾಳಿಪಟ್ಟಿಯಲ್ಲೂ ನಿಮ್ಮ ಹೆಸರು ಹಾಕುತ್ತಾರೆ.

ಮೊದಲು ಹೇಳಬೇಕಾದ್ದು ನಿಮ್ಮನ್ನು ನೋಡಿಕೊಳ್ಳಲು ನೇಮಿಸಿದ ಮಾರ್ಗದರ್ಶಕರಿಗೆ. ಸರಿಹೋಗದಿದ್ದರೆ ತ್ರೇಗರ್‌ಗೆ, ಅಂದರೆ ನಿಮ್ಮನ್ನು ಆ ಮನೆಗೆ ಕಳಿಸಿದ ಮಾತೃಸಂಸ್ಥೆಗೆ ಬರಹದಲ್ಲಿ ತಿಳಿಸಿ. ದಿನಾಂಕ, ಪಾಳಿ, ಹೇಳಿದ ಕೆಲಸ, ಇಷ್ಟು ಸಾಕು. ಸೆಮಿನಾರ್ ದಿನಗಳು ಇರುವುದು ಇದಕ್ಕೂ ಹೌದು. ವರ್ಷಕ್ಕೆ 25 ದಿನ, 27ರ ಕೆಳಗಿನವರಿಗೆ ಕಡ್ಡಾಯ, ಕೆಲಸದ ಸಮಯವೆಂದೇ ಲೆಕ್ಕ. "ಈ ಸಲ ಸೆಮಿನಾರ್ ಬಿಡು, ಇಲ್ಲಿ ಜನ ಇಲ್ಲ" ಎಂದರೆ ಒಪ್ಪಬೇಡಿ.

ಹೊಸಬ_2026

ಜಾಗ ಸರಿ ಇಲ್ಲದಿದ್ದರೆ ಬಿಟ್ಟು ಬೇರೆ ಕಡೆ ಸೇರಬಹುದಾ?

ಕರಾವಳಿ ಗಾಳಿ

ಸೇರಬಹುದು, ಆದರೆ ಮೊದಲು ಬಿಟ್ಟು ಆಮೇಲೆ ಹುಡುಕಬೇಡಿ. ಪರವಾನಗಿಯ ಜೊತೆಗಿರುವ ಹಾಳೆಯಲ್ಲಿ ಯಾವ ಸೇವೆಗೆ, ಯಾವ ಸಂಸ್ಥೆಯಲ್ಲಿ ಎಂದು ಬರೆದಿರುತ್ತದೆ. ಸೇವೆ ನಿಂತರೆ ಪರವಾನಗಿಯ ಆಧಾರವೇ ಹೋಯಿತು. ಹೊಸ ಜಾಗದ ಕರಾರು ಕೈಯಲ್ಲಿಟ್ಟುಕೊಂಡು, ತ್ರೇಗರ್ ಮೂಲಕ ವಿದೇಶಿಯರ ಕಚೇರಿಗೆ ತಿಳಿಸಿ, ಅನುಮತಿ ಬಂದ ಮೇಲೆ ಹಳೆಯದಕ್ಕೆ ನೋಟಿಸ್ ಕೊಡಿ. ಸಾಮಾನ್ಯವಾಗಿ ಮೊದಲ ಆರು ವಾರ ಪ್ರಾಯೋಗಿಕ ಅವಧಿ, ಎರಡು ವಾರದ ನೋಟಿಸ್ ಸಾಕು. ಆಮೇಲೆ ನಾಲ್ಕು ವಾರ, ಅದೂ ತಿಂಗಳ 15ಕ್ಕೆ ಅಥವಾ ಕೊನೆಗೆ ಮುಗಿಯುವ ಹಾಗೆ. ಕೋಣೆ ಸಂಸ್ಥೆಯದ್ದಾದರೆ ಅದೂ ಜೊತೆಗೇ ಹೋಗುತ್ತದೆ, ಅದನ್ನು ಮರೆಯಬೇಡಿ.

ಬಯಲುಸೀಮೆ

ದುಡ್ಡಿನ ಲೆಕ್ಕ. ಕೈಖರ್ಚಿಗೆ ಕಾನೂನಿನ ಮೇಲ್ಮಿತಿ 2026ರಲ್ಲಿ ತಿಂಗಳಿಗೆ 676 ಯೂರೊ. ಅದು ಮಿತಿ ಅಷ್ಟೇ, ಅಷ್ಟು ಕೊಡಲೇಬೇಕೆಂದಿಲ್ಲ. ಕೋಣೆ ಕೊಡುವ ಕಡೆ ಕಡಿಮೆ ಇರುತ್ತದೆ. ಕೋಣೆ ಉಚಿತ, ಕೈಗೆ 450 ಎಂದುಕೊಳ್ಳಿ. ಮನೆಯಲ್ಲೇ ಅಡುಗೆ ಮಾಡಿದರೆ ದಿನಸಿಗೆ 160-180. ಡಾಯ್ಚ್‌ಲಾಂಡ್‌ಟಿಕೆಟ್ 2026ರಿಂದ 63 (ತಿಂಗಳಿಡೀ ಊರಿನ ಬಸ್ಸು, ರೈಲುಗಳಲ್ಲಿ ಓಡಾಡುವ ಪಾಸು), ಕೆಲವು ಸಂಸ್ಥೆಗಳು ಇದನ್ನು ಕೊಡುತ್ತವೆ, ಕೇಳಿ. ಮೊಬೈಲಿಗೆ 10. ಇಷ್ಟರಲ್ಲೇ 250 ಮುಗಿಯಿತು. ಚಳಿಗಾಲದ ಜಾಕೆಟ್ಟು, ಬೂಟು ಕೊಳ್ಳುವ ತಿಂಗಳು ಏನೂ ಉಳಿಯುವುದಿಲ್ಲ. ಊರಿಗೆ ಹಣ ಕಳಿಸುವ ಲೆಕ್ಕ ಹಾಕಿಕೊಂಡು ಈ ವರ್ಷಕ್ಕೆ ಬರಬೇಡಿ. ಮೊದಲ ಕೈಖರ್ಚು ಬರುವುದು ತಿಂಗಳ ಕೊನೆಗೆ, ಖಾತೆ ತಡವಾದರೆ ಇನ್ನೂ ತಡ. 800 ಯೂರೊ ಆದರೂ ಜೊತೆಗಿರಲಿ.

ಜನ ಕಡೆಗಣಿಸುವ ಎರಡು ಸಂಗತಿ.

ಒಂದು, ರುಂಡ್‌ಫುಂಕ್‌ಬೈಟ್ರಾಗ್, ಅಂದರೆ ಸಾರ್ವಜನಿಕ ಪ್ರಸಾರದ ಶುಲ್ಕ. ಟೀವಿ, ರೇಡಿಯೋ ಇರಲಿ ಬಿಡಲಿ, ಮನೆಯೊಂದಕ್ಕೆ ತಿಂಗಳಿಗೆ 18.36 ಯೂರೊ. ವಿಳಾಸ ನೋಂದಣಿಯಾದ ಮೇಲೆ ಪತ್ರ ಬರುತ್ತದೆ, ಮೋಸದ ಪತ್ರ ಎಂದು ಎಸೆಯುತ್ತಾರೆ. ಅದು ನಿಜವಾದದ್ದು, ಬಾಕಿ ದಂಡ ಸಮೇತ ಬೆಳೆಯುತ್ತದೆ. ಒಂದೇ ಫ್ಲಾಟಿನಲ್ಲಿ ನಾಲ್ವರಿದ್ದರೆ ಒಬ್ಬರು ಕಟ್ಟಿದರೆ ಸಾಕು, ಅವರ ಬೈಟ್ರಾಗ್ ಸಂಖ್ಯೆಯನ್ನು ಉಳಿದ ಮೂವರು ಉತ್ತರದಲ್ಲಿ ಬರೆದು ಕಳಿಸಬೇಕು.

ಎರಡು, ಹಾಫ್ಟ್‌ಫ್ಲಿಶ್ಟ್, ಅಂದರೆ ನಿಮ್ಮಿಂದ ಬೇರೆಯವರಿಗೆ ಆದ ನಷ್ಟಕ್ಕೆ ವಿಮೆ. ತಿಂಗಳಿಗೆ ಐದು ಯೂರೊ ಆಸುಪಾಸು. ಕೀಲಿಕೈಯ ವಿಷಯ ಕೇಳಿ. ಇಲ್ಲಿ ಒಂದೇ ಕೀಲಿ ಹೊರಬಾಗಿಲಿಗೂ, ನಿಮ್ಮ ಕೋಣೆಗೂ, ಕೆಲವೊಮ್ಮೆ ನೆಲಮಾಳಿಗೆಗೂ ತಾಗುತ್ತದೆ. ಅದು ಕಳೆದರೆ ಒಂದು ಕೀಲಿ ಮಾಡಿಸಿ ಮುಗಿಯುವುದಿಲ್ಲ, ಇಡೀ ಕಟ್ಟಡದ ಬೀಗಗಳನ್ನು ಬದಲಿಸಬೇಕಾಗಬಹುದು, ಬಿಲ್ಲು ಸಾವಿರಾರು ಯೂರೊ. ವಿಮೆ ಮಾಡಿಸುವಾಗ ಬೇರೆಯವರ ಕೀಲಿ, ಕೆಲಸದ ಕೀಲಿ ಎರಡೂ ಸೇರಿವೆಯೇ ನೋಡಿ. ಹಾಗೇ, ಬಾಗಿಲು ಹಿಂದಿನಿಂದ ತಾನೇ ಮುಚ್ಚಿಕೊಳ್ಳುತ್ತದೆ, ಹೊರಗೆ ಹಿಡಿಕೆ ತಿರುಗುವುದಿಲ್ಲ. ಕಸ ಹಾಕಲು ಹೋಗುವಾಗಲೂ ಕೀಲಿ ಜೇಬಿನಲ್ಲಿರಲಿ.

ಧಾರವಾಡದ ಮಳಿ

ಅಡಗಿ ಮತ್ತ ಚಳಿ ಬಗ್ಗೆ ನಾ ಹೇಳ್ತೀನಿ.

ಹಾಸ್ಟೆಲಿನ್ಯಾಗ ಒಗ್ಗರಣಿ ಹಾಕೋ ಮುಂದ ಮ್ಯಾಲ ನೋಡ್ರಿ. ಹೊಗಿ ಗುರುತು ಹಿಡಿಯೋ ಯಂತ್ರ ಎಲ್ಲಾ ಮನ್ಯಾಗೂ ಇರ್ತಾವು. ಸಂಸ್ಥಾದ ಕಟ್ಟಡದಾಗ ಅವು ಅಗ್ನಿಶಾಮಕ ದಳಕ್ಕ ನೇರ ಜೋಡಿಸಿರಬಹುದು. ಒಣಮೆಣಸಿನಕಾಯಿ ಕರಕಾದ್ರ ಸಾಕು, ಗಾಡಿ ಬಂದು ನಿಲ್ತೈತಿ, ಅದರ ಬಿಲ್ಲೂ ಬರಬಹುದು. ಅಡಗಿಮನಿ ಬಾಗಲಾ ಹಾಕಿ, ಕಿಟಕಿ ತಗದು, ಎಣ್ಣಿ ಹೊಗಿ ಬರೋಕಿಂತ ಮೊದ್ಲ ಸಾಸಿವಿ ಹಾಕ್ರಿ. ಮೆಣಸಿನಕಾಯಿ ಒಲಿ ಆರಿಸಿದ ಮ್ಯಾಲ ಹಾಕ್ರಿ, ಆ ಎಣ್ಣಿ ಬಿಸಿಗೇ ಹುರಿತೈತಿ. ಯಂತ್ರಕ್ಕ ಪ್ಲಾಸ್ಟಿಕ್ ಚೀಲಾ ಕಟ್ಟೋದು ಮಾತ್ರ ಬ್ಯಾಡ್ರಿ.

ಕುಕ್ಕರ್ ಒಯ್ಯೋರು ಅಲ್ಲಿ ಒಲಿ ಯಾವುದು ಅಂತ ಕೇಳಿ ಒಯ್ಯಿರಿ. ಇಂಡಕ್ಷನ್ ಒಲಿಗೆ ಬರೇ ಅಲ್ಯುಮಿನಿಯಂ ಕುಕ್ಕರ್ ಕಾಯಂಗಿಲ್ಲ. ತಳಕ್ಕ ಅಯಸ್ಕಾಂತ ಅಂಟಬೇಕು.

ಹೀಟರಿನ ತಿರುಗುಣಿ ಮ್ಯಾಲ 1ರಿಂದ 5 ಇರ್ತೈತಿ. 3 ಅಂದ್ರ ಸುಮಾರು 20 ಡಿಗ್ರಿ. 5ಕ್ಕ ತಿರುವಿದ್ರ ಲಗೂನ ಕಾಯತೈತಿ ಅನ್ನೋದು ತಪ್ಪು. ಅಷ್ಟ ವೇಗದಾಗ ಕಾಯ್ದು, 28 ಡಿಗ್ರಿ ಆಗೂಮಟ ನಿಲ್ಲಂಗಿಲ್ಲ, ಅಷ್ಟ. ಚಳಿ ಐತಿ ಅಂತ ತಿಂಗಳಗಟ್ಟಲೆ ಕಿಟಕಿ ಮುಚ್ಚಿ, ಒಳಗ ಅರಬಿ ಒಣಹಾಕಿ, ಅನ್ನಾ ಕುದಿಸಿದ್ರ ಗ್ವಾಡಿ ಮೂಲ್ಯಾಗ ಕರೀ ಬೂಸರು ಹಿಡಿತೈತಿ. ಕೋಣಿ ಬಿಡೂ ಮುಂದ ಆ ಖರ್ಚು ನಿಮ್ಮ ತಲಿ ಮ್ಯಾಲ ಬರತೈತಿ. ದಿನಕ್ಕ ಎರಡ್ ಮೂರ್ ಸಲ, ಹೀಟರ್ ಬಂದ್ ಮಾಡಿ, ಕಿಟಕಿ ಪೂರ್ತಿ ತಗದು 5ರಿಂದ 10 ನಿಮಿಷ ಗಾಳಿ ಆಡಸ್ರಿ. ಅರ್ಧಾ ತಗದು ದಿನಾ ಪೂರ್ತಿ ಬಿಟ್ರ ಗ್ವಾಡಿ ತಣ್ಣಗಾಗಿ ಬೂಸರು ಇನ್ನೂ ಜಾಸ್ತಿ.

ರವಿವಾರ ಅಂಗಡಿ ಬಂದ್. ಶನಿವಾರನ ಸಾಮಾನು ತಂದಿಡ್ರಿ. ನೀರಿನ ಬಾಟ್ಲಿ ಚೆಲ್ಲಬ್ಯಾಡ್ರಿ, ಒಮ್ಮೆ ಬಳಸೋ ಪ್ಲಾಸ್ಟಿಕ್ ಬಾಟ್ಲಿ ಒಂದಕ್ಕ 25 ಸೆಂಟ್ ವಾಪಸ್ ಬರತೈತಿ.

ಹೊಸಬ_2026

ಭಾಷೆ? ಜರ್ಮನ್‌ನ ಮಧ್ಯಮ ಹಂತದ ಪರೀಕ್ಷೆ ಬಿ1 ಪಾಸಾಗಿದೆ. ಸಾಕಲ್ಲವಾ?

ನೆಕ್ಕರ್ ದಂಡೆ

ಪರೀಕ್ಷೆಗೆ ಸಾಕು, ಪಾಳಿ ಬದಲಾಗುವಾಗ ನಡೆಯುವ ಮಾತಿಗೆ ಸಾಲದು. ಬೆಳಗಿನ ಪಾಳಿಯವರು ಮಧ್ಯಾಹ್ನದವರಿಗೆ ಹತ್ತು ಹದಿನೈದು ನಿಮಿಷದಲ್ಲಿ ಇಡೀ ವಿಭಾಗದ ಸುದ್ದಿ ಒಪ್ಪಿಸುತ್ತಾರೆ. ವೇಗ, ಅರ್ಧ ಪದಗಳು, ಮೇಲೆ ಅಲ್ಲಿನ ಆಡುನುಡಿ. ಸ್ಟುಟ್‌ಗಾರ್ಟ್ ಸುತ್ತಮುತ್ತ ಶ್ವೇಬಿಷ್, ಮ್ಯೂನಿಕ್ ಕಡೆ ಬೈರಿಷ್. ಪುಸ್ತಕದ ಕನ್ನಡ ಕಲಿತವರು ಕುಂದಾಪುರದ ಸಂತೆಗೆ ಬಂದ ಹಾಗೆ. ವಯಸ್ಸಾದವರು ಆಡುನುಡಿಯನ್ನೇ ಆಡುತ್ತಾರೆ, ಹಲ್ಲಿನ ಸೆಟ್ಟು ತೆಗೆದಿಟ್ಟಾಗಂತೂ ಇನ್ನೂ ಕಷ್ಟ.

ಕೆಲಸ ಮಾಡುವ ದಾರಿ ಒಂದೇ. ಜೇಬಿನಲ್ಲಿ ಸಣ್ಣ ಪುಸ್ತಕ ಇಟ್ಟು ದಿನಕ್ಕೆ ಐದು ಪದ, ಕೇಳಿದ ಹಾಗೇ ಕನ್ನಡ ಲಿಪಿಯಲ್ಲಿ ಬರೆದುಕೊಂಡು ವಿರಾಮದಲ್ಲಿ ಸಹೋದ್ಯೋಗಿಯನ್ನು ಕೇಳಿ ಸರಿಪಡಿಸಿಕೊಳ್ಳಿ. ನಿವಾಸಿಗಳ ಹೆಸರು, ನೋವಿನ ವಿವರ ಅದರಲ್ಲಿ ಬರೆಯಬೇಡಿ, ಗೋಪ್ಯತೆಯ ನಿಯಮ ಬಿಗಿಯಾಗಿದೆ. ಫೋಟೋ ತೆಗೆದು ಸ್ಟೇಟಸ್‌ಗೆ ಹಾಕುವುದಂತೂ ಬೇಡವೇ ಬೇಡ, ಅಷ್ಟಕ್ಕೇ ಕೆಲಸ ಹೋಗಬಹುದು. ಸಂಜೆ ತರಗತಿಗೆ ಫೋಕ್ಸ್‌ಹೋಖ್‌ಶೂಲೆ ಇದೆ, ಊರೂರಿನಲ್ಲೂ ಇರುವ ಸಾರ್ವಜನಿಕ ಶಿಕ್ಷಣ ಕೇಂದ್ರ. ಪಾಳಿಪಟ್ಟಿ ಹಾಕುವ ಮೊದಲೇ ತರಗತಿಯ ದಿನಗಳನ್ನು ತಿಳಿಸಿ.

ಊರುಗೋಲು

ಭಾರತೀಯರೇ ನಾಲ್ಕು ಜನ ಒಂದೇ ಫ್ಲಾಟಿನಲ್ಲಿದ್ದರೆ ವರ್ಷದ ಕೊನೆಗೂ ಭಾಷೆ ಬಂದಲ್ಲೇ ಇರುತ್ತದೆ. ಅದು ನನ್ನ ಖಚಿತ ಅಭಿಪ್ರಾಯ.

ಕರಾವಳಿ ಗಾಳಿ

ಪೂರ್ತಿ ಒಪ್ಪುವುದಿಲ್ಲ. ನವೆಂಬರಿನಿಂದ ಫೆಬ್ರವರಿವರೆಗೆ ಅದೇ ನಾಲ್ಕು ಜನ ಆಸರೆ. ಡಿಸೆಂಬರಿನಲ್ಲಿ ಬೆಳಕಾಗುವುದು ಎಂಟಕ್ಕೆ, ಕತ್ತಲಾಗುವುದು ನಾಲ್ಕೂವರೆಗೆ. ಬೆಳಗಿನ ಪಾಳಿಗೆ ಕತ್ತಲಲ್ಲಿ ಹೋಗಿ, ಬಂದು ಮಲಗಿದರೆ ಬಿಸಿಲನ್ನೇ ನೋಡದೆ ವಾರ ಕಳೆಯುತ್ತದೆ. ನಿದ್ದೆ ಕೆಡುವುದು, ಊಟ ಸೇರದಿರುವುದು, ಫೋನಿನಲ್ಲಿ ಅಮ್ಮನ ಹತ್ತಿರ ಮಾತಾಡಲೂ ಮನಸ್ಸಾಗದಿರುವುದು, ಇವು ಎರಡು ವಾರ ಮೀರಿದರೆ ಹೌಸ್‌ಆರ್ಟ್ಸ್ಟ್, ಅಂದರೆ ಕುಟುಂಬ ವೈದ್ಯರಿಗೆ ತೋರಿಸಿ. ವಿಮೆಯಲ್ಲಿ ಬರುತ್ತದೆ. ರಾತ್ರಿ, ವಾರಾಂತ್ಯದಲ್ಲಿ ತುರ್ತು ಅಲ್ಲದ ಕಾಯಿಲೆಗೆ 116117, ಜೀವಕ್ಕೆ ಅಪಾಯವಿದ್ದರೆ 112. ಹುಷಾರಿಲ್ಲದ ದಿನ ಪಾಳಿ ಶುರುವಾಗುವ ಮೊದಲೇ ಫೋನ್ ಮಾಡಿ, ವೈದ್ಯರ ಪ್ರಮಾಣಪತ್ರ ಎಷ್ಟನೇ ದಿನದಿಂದ ಬೇಕೆಂದು ಕರಾರಿನಲ್ಲಿ ನೋಡಿ. ರಜೆ ಕಾಯಿಲೆಗೆ ಖರ್ಚು ಮಾಡಬೇಡಿ, ಎರಡೂ ಬೇರೆ ಬೇರೆ ಲೆಕ್ಕ.

ಮಧ್ಯಾಹ್ನ ಎರಡಕ್ಕೆ ಪಾಳಿ ಮುಗಿದ ದಿನ ಮೊದಲು ಅರ್ಧ ಗಂಟೆ ಹೊರಗೆ ನಡೆಯಿರಿ, ಆಮೇಲೆ ಮಲಗಿ. ಫ್ರಾಂಕ್‌ಫರ್ಟ್ ಕಡೆ ರೈನ್ ಮೈನ್ ಕನ್ನಡ ಸಂಘ, ಮ್ಯೂನಿಕ್‌ನಲ್ಲಿ ಸಿರಿಗನ್ನಡಕೂಟ ಇವೆ, ಯುಗಾದಿ, ರಾಜ್ಯೋತ್ಸವಕ್ಕೆ ಸೇರುತ್ತಾರೆ. ಜೊತೆಗೆ ಊರಿನ ಒಂದು ಫೆರೈನ್‌ಗೂ, ವಾಲಿಬಾಲೋ ಹಾಡುಗಾರಿಕೆಯೋ ಯಾವುದಾದರೂ ಸಂಘಕ್ಕೂ ಸೇರಿ. ಆಗ ಊರುಗೋಲು ಅವರ ಮಾತೂ ನಡೆಯಿತು, ನನ್ನದೂ ನಡೆಯಿತು.

ಸ್ಟುಟ್‌ಗಾರ್ಟ್ ಸುತ್ತ ಇರುವವರು ಒಂದು ರಜಾದಿನ ಟ್ಯುಬಿಂಗನ್‌ಗೆ ಹೋಗಿ ಬನ್ನಿ. ಕನ್ನಡ–ಇಂಗ್ಲಿಷ್ ನಿಘಂಟು ಕಟ್ಟಿ 1894ರಲ್ಲಿ ಹೊರತಂದ ಕಿಟ್ಟೆಲ್ ತಮ್ಮ ಕೊನೆಯ ದಿನಗಳನ್ನು ಕಳೆದು 1903ರಲ್ಲಿ ತೀರಿಕೊಂಡ ಊರು ಅದು. 21ನೇ ವಯಸ್ಸಿಗೆ ಹಡಗಿಳಿದು, ಪರದೇಶದ ನುಡಿಯನ್ನು ಅಕ್ಷರ ಅಕ್ಷರವಾಗಿ ಕಲಿತವರು. ಹತ್ತು ತಿಂಗಳು ಜರ್ಮನ್ ಜೊತೆ ಗುದ್ದಾಡಿದ ಮೇಲೆ ಆ ನಿಘಂಟಿನ ತೂಕ ಇನ್ನೊಂದು ರೀತಿ ತಿಳಿಯುತ್ತದೆ.

ತುಂಗಾತೀರ

ವರ್ಷದ ನಂತರ ಏನು ಅನ್ನುವುದನ್ನು ಹನ್ನೊಂದನೇ ತಿಂಗಳಲ್ಲಿ ಯೋಚಿಸಿದರೆ ತಡವಾಯಿತು. ನರ್ಸಿಂಗ್ ಔಸ್‌ಬಿಲ್ಡುಂಗ್, ಅಂದರೆ ವೃತ್ತಿ ತರಬೇತಿ, ಮೂರು ವರ್ಷದ್ದು. 2020ರಿಂದ ಆಸ್ಪತ್ರೆ, ಮಕ್ಕಳ, ವೃದ್ಧರ ಆರೈಕೆ ಎಲ್ಲ ಸೇರಿ ಒಂದೇ ತರಬೇತಿ. ಸಾರ್ವಜನಿಕ ವಲಯದ ವೇತನ ಒಪ್ಪಂದ ಇರುವ ಕಡೆ ಮೊದಲ ವರ್ಷವೇ ತಿಂಗಳಿಗೆ 1,400 ಯೂರೊ ಮೀರಿ ಕೊಡುತ್ತಾರೆ, ಇದರಲ್ಲಿ ವಿಮೆಯ ಕಂತು ಮುರಿಯುತ್ತದೆ. ಬಹಳ ಕಡೆ ಬಿ1ರ ಮೇಲಿನ ಹಂತವಾದ ಬಿ2 ಕೇಳುತ್ತಾರೆ. ಊರಿನ ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿಗೆ ಆ ರಾಜ್ಯದ ಪ್ರಾಧಿಕಾರದಿಂದ ಸಮಾನತೆಯ ಪತ್ರ ತರಬೇಕು, ಅದಕ್ಕೆ ಪ್ರಮಾಣಿತ ಅನುವಾದಕರ ಅನುವಾದ ಬೇಕು, ತಿಂಗಳುಗಳು ಹಿಡಿಯುತ್ತವೆ. ಆದ್ದರಿಂದ ಎರಡನೇ ತಿಂಗಳಲ್ಲಿ ಅಂಕಪಟ್ಟಿಯ ಕೆಲಸ, ನಾಲ್ಕರಿಂದ ಆರನೇ ತಿಂಗಳಲ್ಲಿ ಶಾಲೆಗಳಿಗೆ ಅರ್ಜಿ, ಎಂಟರೊಳಗೆ ಬಿ2, ಕರಾರು ಬಂದ ಕೂಡಲೇ ವಿದೇಶಿಯರ ಕಚೇರಿಗೆ.

ಹೊರಡುವಾಗ ಪ್ರಮಾಣಪತ್ರ ಕೇಳಿ ಪಡೆಯಿರಿ. ಕೇಳದಿದ್ದರೆ ಇಂತಿಂಥ ದಿನದಿಂದ ಇಂತಿಂಥ ದಿನದವರೆಗೆ ಇದ್ದರು ಎಂಬ ಒಂದು ಸಾಲಿನ ಪತ್ರ ಕೊಡುತ್ತಾರೆ. ಕೆಲಸದ ಗುಣ, ನಡತೆ, ಕಲಿತ ಕೌಶಲ ಎಲ್ಲ ಬರೆದ "ಕ್ವಾಲಿಫಿಟ್ಸಿಯರ್ಟೆಸ್ ತ್ಸೋಯ್ಗ್ನಿಸ್" ಬೇಕೆಂದು ಹೆಸರು ಹಿಡಿದು ಕೇಳಿ. ನಿಮ್ಮ ಮೇಲಧಿಕಾರಿ ರಜೆಗೆ ಹೋಗುವ ಮೊದಲು, ಕೊನೆಯ ದಿನಕ್ಕೆ ಆರು ವಾರ ಇರುವಾಗಲೇ ಕೇಳಿ.

ಹೊಸಬ_2026

ಎಲ್ಲರಿಗೂ ಧನ್ಯವಾದ. ಕೊನೆಯ ಪ್ರಶ್ನೆ. ಅಮ್ಮ ತುಪ್ಪ, ಪೇಡ, ಕರಿಬೇವು, ಮಾವಿನಕಾಯಿ ಎಲ್ಲ ಕಟ್ಟಿಡುತ್ತಿದ್ದಾರೆ. ಒಯ್ಯಬಹುದಾ?

ಧಾರವಾಡದ ಮಳಿ

ತುಪ್ಪ, ಪೇಡೆ ಎರಡೂ ಬ್ಯಾಡ್ರಿ. ಹಾಲಿಂದ ಮಾಡಿದ್ದು ಯುರೋಪಿಯನ್ ಒಕ್ಕೂಟದ ಹೊರಗಿಂದ ಪ್ರಯಾಣಿಕರು ತರಂಗಿಲ್ಲ. ಮಾಂಸಾನೂ ಹಂಗ. ಹಣ್ಣು, ಕಾಯಿಪಲ್ಯೆ, ಹಸೀ ಎಲಿಗೆ ಸಸ್ಯ ಆರೋಗ್ಯ ಪತ್ರ ಬೇಕು. ಪತ್ರ ಇಲ್ದ ಬಿಡೋದು ಐದ ಹಣ್ಣಿಗೆ: ಅನಾನಸ್, ತೆಂಗಿನಕಾಯಿ, ಬಾಳೆ, ಖರ್ಜೂರ, ಡ್ಯೂರಿಯನ್. ಹಂಗಾಗಿ ಕರಿಬೇವು, ಮಾವಿನಕಾಯಿ ಮನ್ಯಾಗ ಬಿಡ್ರಿ. ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ, ಸಾರಿನಪುಡಿ, ರಾಗಿ ಹಿಟ್ಟು, ಎಣ್ಣ್ಯಾಗ ಹಾಕಿದ ಉಪ್ಪಿನಕಾಯಿ ಒಯ್ಯಿರಿ, ಬಾಟ್ಲಿಗೆ ಎರಡ್ ಚೀಲಾ ಸುತ್ತಿ ದೊಡ್ಡ ಬ್ಯಾಗಿನ್ಯಾಗ ಇಡ್ರಿ. ಆಮ್ಯಾಲ ಅಂಚೆಯಿಂದ ಕಳಸೋದಾದ್ರ 45 ಯೂರೊ ಒಳಗಿನ ಉಡುಗೊರೆಗೆ ಸುಂಕ ಇಲ್ಲ. ಪೆಟ್ಟಿಗಿ ಮ್ಯಾಲ ಏನೇನೈತಿ, ಎಷ್ಟು ಕಿಮ್ಮತ್ತು ಅಂತ ಒಂದೊಂದ ಬಿಡಿಸಿ ಬರೀರಿ. ಬರೇ "ತಿನ್ನೋ ಸಾಮಾನು" ಅಂತ ಬರದ್ರ ಕಸ್ಟಮ್ಸ್ ಕಚೇರಿಗೆ ನಿಮ್ಮನ್ನ ಕರಸ್ತಾರ, ಹೋಗಾಕ ಒಂದು ಪಾಳಿ ರಜಾ ಹಾಕಬೇಕಾಗತೈತಿ.